ಅರ್ಧ ಕೂಗು

ಬಹಳ ಕಾಲದ ಹಿಂದೆ, ಕುರುಚಲು ಕಾಡೂ ಹುಲ್ಲುಗಾವಲೂ ತುಂಬಿದ್ದ ಒಂದು ರಾಜ್ಯದಲ್ಲಿ ನಿಂಗಿ ಮತ್ತು ಅವಳ ಅಣ್ಣ ಬೊಮ್ಮ ನವಣೆ ಹೊಲ ಕಾಯುತ್ತಿದ್ದರು. ಹೊಲದ ಎರಡು ತುದಿಗೆ ಎರಡು ಅಟ್ಟಣೆ. ನಿಂಗಿ ಏರುದನಿಯಲ್ಲಿ ಅರ್ಧ ಕೂಗು ಹಾಕಿ ನಿಲ್ಲಿಸುವಳು. ಬೊಮ್ಮ ಇಳಿದನಿಯಲ್ಲಿ ಉಳಿದರ್ಧ ಮುಗಿಸುವನು. ಇಬ್ಬರೂ ಎಚ್ಚರವಾಗಿದ್ದಾರೆ ಎಂಬುದಕ್ಕೆ ಅದೇ ಗುರುತು.

ಒಂದು ದಿನ ಉಳಿದರ್ಧ ಬರಲಿಲ್ಲ.

ಆಚೆಯ ಗುಡ್ಡದಲ್ಲಿ ಒಬ್ಬ ಮಾಯಾವಿಯಿದ್ದ. ಅವನ ಪ್ರಾಣ ಒಂದು ಮರದ ಎಲೆಗಳಲ್ಲಿತ್ತು. ಎಲೆಗೆ ಕಂಬಳಿಹುಳ ಬಿದ್ದಾಗಲೆಲ್ಲ ಅವನು ಒಬ್ಬರನ್ನು ಹಿಡಿದು, ಹುಳ ತಿನ್ನುವ ಬೂದುಬಣ್ಣದ ಹಾಡುಹಕ್ಕಿ ಮಾಡುತ್ತಿದ್ದ. ಬೊಮ್ಮ ನೂರನೆಯವನು.

ಎರಡು ಸುಗ್ಗಿ ನಿಂಗಿ ಒಬ್ಬಳೇ ಹೊಲ ಕಾದಳು. ಅರ್ಧ ಕೂಗಿನ ನಂತರದ ಮೌನ ಸಹಿಸಲಾರದೆ ಉಳಿದರ್ಧವನ್ನೂ ತಾನೇ ಕೂಗುವುದು ರೂಢಿಯಾಯಿತು. ಕೊನೆಗೆ ದನಗಾಹಿಯೊಬ್ಬನಿಂದ ಸುದ್ದಿ ತಿಳಿದು ಗುಡ್ಡ ಹತ್ತಿದಳು.

“ನೂರು ಹಕ್ಕಿ, ಒಂದೇ ಬಣ್ಣ,” ಎಂದು ಮಾಯಾವಿ ನಕ್ಕ. “ಮೂರು ದಿನದಲ್ಲಿ ನಿನ್ನಣ್ಣನನ್ನು ಗುರುತಿಸು, ಎಲ್ಲರನ್ನೂ ಕರೆದುಕೊಂಡು ಹೋಗು. ತಪ್ಪಿದರೆ ನೀನೂ ಹಕ್ಕಿ. ಹುಳ ಹೆಚ್ಚಾಗಿದೆ, ನನಗೂ ಇನ್ನೊಂದು ಬೇಕು.”

ಮೊದಲ ದಿನ ಅವಳು ಅಣ್ಣನಿಗೆ ಇಷ್ಟವಾದ ನವಣೆ ರೊಟ್ಟಿ ಮುರಿದು ಚೆಲ್ಲಿದಳು. ಒಂದು ಹಕ್ಕಿಯೂ ಇಳಿಯಲಿಲ್ಲ.

“ಹುಳ ತಿನ್ನೋ ಹಕ್ಕಿಗೆ ರೊಟ್ಟಿಯೇನೇ ಹುಡುಗಿ? ಪಲ್ಯ ಮರೆತೆಯಾ?”

ಎರಡನೆಯ ದಿನ ಹೊಲದ ಕೂಗು ಹಾಕಿದಳು, ಮೊದಲಿಂದ ಕೊನೆಯವರೆಗೆ. ಎಲ್ಲೋ ಒಂದು ಹಕ್ಕಿ ಕೊಕ್ಕು ತೆರೆಯಿತು, ಮತ್ತೆ ಮುಚ್ಚಿತು. ಅಷ್ಟರಲ್ಲಿ ಎಲ್ಲವೂ ಹಾರಿ ಬೆರೆತುಹೋದವು.

“ಗಂಟಲು ಚೆನ್ನಾಗಿದೆ. ನಾಡಿದ್ದಿನಿಂದ ಇಲ್ಲೇ ಹಾಡುವಿಯಂತೆ!”

ನಿಂಗಿ ಬಂಡೆಯ ಮೇಲೆ ಕುಳಿತು ಯೋಚಿಸಿದಳು. ಕೊಕ್ಕು ಏಕೆ ಮುಚ್ಚಿತು? ಅದಕ್ಕೆ ಹಾಡಲು ಏನೂ ಉಳಿದಿರಲಿಲ್ಲ. ಅಣ್ಣನ ಪಾಲನ್ನೂ ತಾನೇ ಕೂಗಿಬಿಟ್ಟಿದ್ದಳು.

ಮೂರನೆಯ ದಿನ ಅರ್ಧ ಕೂಗಿ ನಿಲ್ಲಿಸಿದಳು. ಮೌನ. ಉಳಿದರ್ಧ ಗಂಟಲಿಗೆ ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಾಳಿ ಬೀಸಿ ನಿಂತಿತು. “ಇಷ್ಟೇನಾ?” ಎನ್ನುತ್ತ ಮಾಯಾವಿ ಮಂತ್ರದ ಬೂದಿ ಹಿಡಿದು ಎದ್ದ.

ಆಗ ಕೆಳಗಿನ ಕೊಂಬೆಯಿಂದ ಇಳಿದನಿಯ ಉಳಿದರ್ಧ ಬಂತು.

“ಅದೇ! ಅದೇ ನನ್ನಣ್ಣ!”

ಮಾಟ ಮುರಿಯಿತು. ನೂರು ಜನ ನೆಲಕ್ಕಿಳಿದರು. ತಡೆಯುವ ಹಕ್ಕಿಗಳಿಲ್ಲದೆ ಕಂಬಳಿಹುಳಗಳು ಸಂಜೆಯೊಳಗೆ ಮರವನ್ನು ಬೋಳು ಮಾಡಿದವು. ಕೊನೆಯ ಎಲೆಯೊಂದಿಗೆ ಮಾಯಾವಿಯೂ ಇಲ್ಲವಾದ.

“ಯಾಕಣ್ಣಾ ಅಷ್ಟು ತಡ ಮಾಡಿದೆ?”

“ನೀನೇ ಮತ್ತೆ ಪೂರ್ತಿ ಮಾಡಿಬಿಡ್ತೀಯೇನೋ ಅಂತ ಕಾದೆ ಕಣೇ.”

ಎಲ್ಲರೂ ತಂತಮ್ಮ ಮನೆ ಸೇರಿ ಸುಖವಾಗಿದ್ದರು. ಆ ಸುಗ್ಗಿಯಲ್ಲಿ ನಿಂಗಿ ಅರ್ಧ ಕೂಗಿ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಆಚೆ ತುದಿಯಿಂದ ಉಳಿದರ್ಧ ಬರುವವರೆಗೂ ತೆಗೆಯುತ್ತಿರಲಿಲ್ಲ.