ಇಪ್ಪತ್ತೇಳು ಇಂಚಿನ ಸಾಕ್ಷಿ

ಆವತ್ತು ಬೆಳಿಗ್ಗೆ ಸೂರ್ಯ ಹುಟ್ಟಿದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಮೋಡ ಮನೆಗಳ ನೆತ್ತಿಯವರೆಗೂ ಇಳಿದು ಕೂತಿತ್ತು. ಮಳೆ ಬರಲಿಲ್ಲ, ಗಾಳಿಯೂ ಇಲ್ಲ. ಹತ್ತು ಗಂಟೆಯಾದರೂ ಬೀದಿದೀಪ ಆರಿರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಶಾಲಾ ಬಸ್ಸಿನ ಡ್ರೈವರ್ ತನ್ನ ಮನೆಯ ಬಾಗಿಲು ತೆಗೆದ. ಮುಂದಿನ ಕೋಣೆಯಲ್ಲಿ ಹೆಂಡತಿ ಕೆಲಸದ ಮೇಜಿಗೆ ತಲೆಯಾನಿಸಿ ಕೂತಿದ್ದಳು. ದಣಿದು ನಿದ್ದೆ ಹೋಗಿದ್ದಾಳೆ ಅಂದುಕೊಂಡ. ಎಬ್ಬಿಸಲೆಂದು ಹೆಗಲು ಮುಟ್ಟಿದ. ಕೈ ಒದ್ದೆಯಾಯಿತು.

ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರಮ್ಮ ಬಂದರು. ಐವತ್ತರ ಆಸುಪಾಸಿನ, ನಿಧಾನ ನಡಿಗೆಯ ಹೆಂಗಸು. ಸಾವಿನ ಮನೆಯ ಹೊಸ್ತಿಲಲ್ಲಿ ಟೋಪಿ ತೆಗೆದು ಅರೆಗಳಿಗೆ ಕಣ್ಣು ಮುಚ್ಚುವುದು ಅವರ ರೂಢಿ. ಮೇಡಂ ಏನೋ ಲೆಕ್ಕ ಹಾಕುತ್ತಾರೆ ಎಂದು ಪೇದೆಗಳು ತಿಳಿದಿದ್ದರು. ಲೆಕ್ಕವಲ್ಲ. ಹೋದ ಜೀವದ ಪರವಾಗಿ ಮೇಲಿನವನಿಗೆ ಎರಡು ಮಾತು, ಅಷ್ಟೇ.

ಸತ್ತವಳನ್ನು ಬೀದಿಯವರೆಲ್ಲ ಅಕ್ಷರದಕ್ಕ ಅನ್ನುತ್ತಿದ್ದರು. ಔಷಧಿ ಪೆಟ್ಟಿಗೆಯೊಳಗೆ ಸಣ್ಣ ಅಕ್ಷರದ ಚೀಟಿ ಮಡಿಸಿಟ್ಟಿರುತ್ತಾರಲ್ಲ, ಅಂಥ ಚೀಟಿಗಳ ಅನುವಾದವನ್ನು ಮೂಲದ ಜೊತೆ ಹೋಲಿಸಿ ತಪ್ಪು ಹಿಡಿಯುವುದು ಅವಳ ಕಸುಬು. ಕೆಲಸವೆಲ್ಲ ಮನೆಯಿಂದಲೇ. ಅವಳ ತಲೆಯ ಹಿಂಭಾಗಕ್ಕೆ ಹಾಳೆ ಅದುಮುವ ಕಬ್ಬಿಣದ ತುಂಡಿನಿಂದ ಯಾರೋ ಹೊಡೆದಿದ್ದರು. ತುಂಡು ನೆಲದಲ್ಲಿತ್ತು. ಅದನ್ನು ಯಾರೋ ಬಟ್ಟೆಯಿಂದ ಒರೆಸಿದ್ದರು.

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ಅದರ ಪಕ್ಕ ಹೊಚ್ಚ ಹೊಸ ಮಾನಿಟರ್. ಪರದೆ ಕಪ್ಪಾಗಿತ್ತು, ಕೆಳಗಡೆ ಚಿಕ್ಕ ದೀಪ ಮಾತ್ರ ಮಿಣುಕುತ್ತಿತ್ತು. ಅಷ್ಟು ದಿನ ಲ್ಯಾಪ್‌ಟಾಪನ್ನು ಎತ್ತರಕ್ಕೆ ಹೊತ್ತು ನಿಂತಿದ್ದ ಎರಡು ದಪ್ಪ ನಿಘಂಟುಗಳು ಈಗ ಬಿಡುವು ಸಿಕ್ಕಿ ನೆಲ ಹಿಡಿದಿದ್ದವು. ಗೋಡೆಯ ಕಪಾಟಿನಲ್ಲಿ ಕೆಂಪು ಗುರುತಿನ ಹಾಳೆಗಳ ಕಟ್ಟುಗಳು, ತಾರೀಖಿನ ಪ್ರಕಾರ. ಒಂದು ಕಟ್ಟಿನ ದಾರ ಬಿಚ್ಚಿತ್ತು. ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ.

"ಇಷ್ಟೊಂದು ಹಳೇ ಕಾಗದ ಯಾಕಿಟ್ಟಿದ್ರು?" ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು.

"ಅವರ ಕಸುಬಿನ ನೇಮ ಅದು, ಅಮ್ಮ," ಅಂದ ಗಂಡ. "ತಿದ್ದಿದ ಪ್ರತಿ ಅಚ್ಚಾಗಿ ಕೈಗೆ ಬರೋವರೆಗೂ ಕೆಂಪು ಗುರುತಿನ ಹಾಳೆ ಹರಿಯೋ ಹಾಗಿಲ್ಲ. ಬಂದ ಮೇಲೂ ಇವಳಿಗೆ ಹರಿಯೋಕೆ ಮನಸ್ಸು ಬರ್ತಿರ್ಲಿಲ್ಲ."

ಪೇದೆಗಳು ಎಲ್ಲ ತಂತಿಗಳನ್ನೂ ಕಿತ್ತು, ಲ್ಯಾಪ್‌ಟಾಪನ್ನೂ ಮಾನಿಟರನ್ನೂ ಪೆಟ್ಟಿಗೆಗೆ ತುಂಬಿ ಠಾಣೆಗೆ ಸಾಗಿಸಿದರು. ಯಾವ ತಂತಿ ಎಲ್ಲಿತ್ತು ಎಂದು ಯಾರೂ ಗುರುತು ಮಾಡಿಕೊಳ್ಳಲಿಲ್ಲ. ಬೇಗ ಮಾಡಿ ಎಂದವರು ಇನ್‌ಸ್ಪೆಕ್ಟರಮ್ಮನೇ. ಆ ಅವಸರಕ್ಕೆ ಅವರು ಆಮೇಲೆ ತಮ್ಮನ್ನೇ ಬೈದುಕೊಂಡರು.

*

ಮೇಜಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಐದು ವಾರದಿಂದ ಅಕ್ಷರದಕ್ಕ ಮಾನಿಟರ್ ಹುಡುಕಿದ ಕಥೆಯೆಲ್ಲ ಅದರಲ್ಲಿತ್ತು. ಸೊಸೆ ತರುವವರೂ ಇಷ್ಟು ವಿಚಾರಿಸಿರಲಾರರು. ಇಪ್ಪತ್ತನಾಲ್ಕು ಇಂಚು ಸಾಲದು, ಎರಡು ಪುಟ ಅಕ್ಕಪಕ್ಕ ಕೂರುವುದಿಲ್ಲ. ಮೂವತ್ತೆರಡಾದರೆ ಕತ್ತು ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ಹೊಳೆಯುವ ಪರದೆ ಬೇಡ, ಕಿಟಕಿಯೇ ಅದರಲ್ಲಿ ಬಂದು ಕೂರುತ್ತದೆ. ಬಾಗಿದ್ದು ಬೇಡ. ಏರಿಸಿ ಇಳಿಸುವ ಕಾಲು ಇರಲೇಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ: "ಚುಕ್ಕೆ ಕಾಣಬೇಕು."

ಅದೇನು ಚುಕ್ಕೆ ಎಂಬುದು ಇನ್‌ಸ್ಪೆಕ್ಟರಮ್ಮನಿಗೆ ಹೊಳೆಯಲಿಲ್ಲ.

ಆದರೆ ಗಂಡನ ಮೇಲೆ ಅನುಮಾನ ಬೀಳಲು ಈ ಮಾನಿಟರೇ ಸಾಕಾಯಿತು. ಹಿಂದಿನ ಸಂಜೆ ಅಂಗಡಿಯಿಂದ ಪೆಟ್ಟಿಗೆ ಬಂದಾಗ ಗಂಡ ಹೆಂಡಿರ ಜಗಳ ಮೂರು ಮನೆಗೆ ಕೇಳಿಸಿತ್ತು. ಅದು ಈ ಮನೆಗೆ ಬಂದರೆ ನಾನಿರುವುದಿಲ್ಲ ಎಂದು ಅವನು ಕೂಗಿದ್ದನಂತೆ. ಕೂಗಿದ್ದು ನಿಜ ಎಂದು ಅವನೂ ಒಪ್ಪಿದ. ದಿನಕ್ಕೆ ಹತ್ತು ತಾಸು ಆ ಗಾಜಿನ ಮುಂದೆ ಕೂತು ಹೆಂಡತಿ ಸವೆಯುತ್ತಿದ್ದಳು, ಇನ್ನೂ ದೊಡ್ಡ ಗಾಜು ಬಂದರೆ ಹದಿನೈದು ತಾಸು ಕೂರುತ್ತಾಳೆ ಎಂಬ ಹೆದರಿಕೆ ತನಗೆ ಎಂದ.

ಒಂಬತ್ತು ಐವತ್ತರವರೆಗೆ ಅವನು ಬಸ್ಸಿನಲ್ಲಿದ್ದ, ಮಕ್ಕಳೇ ಸಾಕ್ಷಿ. ಆಮೇಲಿನ ಒಂದು ತಾಸಿಗೆ ಮಾತ್ರ ಸಾಕ್ಷಿಯಿರಲಿಲ್ಲ.

"ಅವಳೇ ಫೋನ್ ಮಾಡಿದ್ಲು," ಅಂದ. "ಅಂಗಡಿಯವನು ಏನೋ ಒಂದು ತುಂಡು ಕೊಡೋದು ಮರೆತಿದಾನೆ, ಬರ್ತಾ ತಗೊಂಡ್ಬಾ ಅಂತ. ಅಂಗಡಿ ಮುಚ್ಚಿತ್ತು. ಕಾದು ಕಾದು ಬಂದೆ."

"ಏನು ತುಂಡು?"

"ಹೆಸರು ಹೇಳಿದ್ಲು, ಮರೆತೆ. ಹೆಬ್ಬೆರಳಷ್ಟಿರುತ್ತೆ ಅಂದ್ಲು."

ಪೇದೆಗಳು ಮುಖ ಮುಖ ನೋಡಿಕೊಂಡರು. ಅಂಗಡಿಯವನಿಗೆ ಫೋನ್ ಮಾಡಿ, ಇವನನ್ನು ಕಂಡಿರಾ ಎಂದಷ್ಟೇ ಕೇಳಿದರು. ನಾವು ತೆರೆಯುವುದೇ ಹನ್ನೊಂದಕ್ಕೆ, ಯಾರನ್ನೂ ಕಂಡಿಲ್ಲ ಎಂದು ಅವನೆಂದ.

*

ಗಂಡನ ಕುತ್ತಿಗೆಗೆ ಕುಣಿಕೆ ಬಿಗಿದದ್ದು ಹಿರಿಯ ಪರಿಶೀಲಕನ ಹೇಳಿಕೆ. ಅಕ್ಷರದಕ್ಕ ತಿದ್ದಿದ್ದನ್ನು ನೋಡಿ, ಸಹಿ ಹಾಕಿ ಅಚ್ಚಿಗೆ ಕಳಿಸುವವನು ಅವನು. ಮೂವತ್ತು ವರ್ಷದ ಅನುಭವ, ಮೆತ್ತಗಿನ ಮಾತು, ಇಸ್ತ್ರಿ ಮುರಿಯದ ಅಂಗಿ. ಹತ್ತೂಕಾಲಕ್ಕೆ ಹೊಸ ಹಾಳೆಗಳನ್ನು ಕೊಡಲು ಬಂದೆ, ಕಿಟಕಿಯಲ್ಲಿ ಇಣುಕಿದೆ, ಅವರು ದೊಡ್ಡ ಪರದೆಯ ಮುಂದೆ ಕೆಲಸದಲ್ಲಿ ಮುಳುಗಿದ್ದರು, ತೊಂದರೆ ಯಾಕೆಂದು ಹಾಳೆಗಳನ್ನು ಬಾಗಿಲಲ್ಲಿಟ್ಟು ಹೋದೆ ಎಂದು ಬರೆದುಕೊಟ್ಟಿದ್ದ. ಎದುರು ಮನೆಯ ಅಜ್ಜಿ ಅವನನ್ನು ಕಂಡಿದ್ದಳು. ಒಳಗೆ ಕಾಲಿಡಲಿಲ್ಲ, ಹೋಗುವಾಗ ತನ್ನನ್ನು ಮಾತಾಡಿಸಿಯೂ ಹೋದ ಎಂದಳು. ಹತ್ತೂವರೆಯಿಂದ ಅವನು ಕಚೇರಿಯ ಸಭೆಯಲ್ಲಿದ್ದ.

ಸಾವು ಒಂಬತ್ತರಿಂದ ಹನ್ನೊಂದರೊಳಗೆ ಎಂದರು ವೈದ್ಯರು. ಹತ್ತೂಕಾಲಕ್ಕೆ ಬದುಕಿದ್ದಳೆಂದರೆ, ಉಳಿದವನು ಗಂಡನೊಬ್ಬನೇ. ನಾಳೆ ಸಂಜೆಯೊಳಗೆ ಅವನ ಮೇಲೆ ಕೊಲೆ ಆರೋಪ ಹೊರಿಸಿ ಎಂದು ಮೇಲಿನಿಂದ ಆಜ್ಞೆ ಬಂತು.

ಇನ್‌ಸ್ಪೆಕ್ಟರಮ್ಮನಿಗೆ ಸಮಾಧಾನವಿರಲಿಲ್ಲ. ಲಾಕಪ್ಪಿನಲ್ಲಿ ಆ ಮನುಷ್ಯ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದ. ಹೆಗಲು ಮುಟ್ಟಿದ ಕೈ ಅದು. ತೊಳೆದುಕೊಳ್ಳಪ್ಪ ಎಂದು ನೀರು ಕೊಟ್ಟರೂ ತೊಳೆದಿರಲಿಲ್ಲ.

*

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಏನಿದೆ ನೋಡೋಣವೆಂದು ಕೂತರು. ಅಕ್ಷರ ಸಾಸಿವೆಕಾಳಿನಷ್ಟಿತ್ತು. ಇನ್‌ಸ್ಪೆಕ್ಟರಮ್ಮ ಕನ್ನಡಕ ಏರಿಸಿದರು, ಇಳಿಸಿದರು, ಒರೆಸಿದರು. ಕೊನೆಗೆ, ಅವಳ ಆ ದೊಡ್ಡ ಪರದೆಯನ್ನೇ ಇದಕ್ಕೆ ಜೋಡಿಸಿ ಎಂದರು.

ಪೇದೆ ಕೇಬಲ್ ಹಿಡಿದು ಲ್ಯಾಪ್‌ಟಾಪಿನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮಗುಚಿ ನೋಡಿದ.

"ಮೇಡಂ, ಇದರ ಮೂತಿಗೂ ಅದರ ಬಾಯಿಗೂ ತಾಳೆಯೇ ಆಗ್ತಿಲ್ಲ. ಈ ಲ್ಯಾಪ್‌ಟಾಪಿಗೆ ಇರೋದೇ ಸೂಜಿಬಾಯಿಯಂಥ ಎರಡು ತೂತು."

"ಪೆಟ್ಟಿಗೇಲಿ ಬೇರೆ ಕೇಬಲ್ ಇದೆಯಾ?"

"ಇದೊಂದೇ."

ಇನ್‌ಸ್ಪೆಕ್ಟರಮ್ಮ ಕನ್ನಡಕವನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳಷ್ಟಿನ ತುಂಡು. ಅಲ್ಲಿಂದ ಎದ್ದವರು ನೇರ ಅಂಗಡಿಗೇ ಹೋದರು.

ಅಂಗಡಿಯವನು ಅಕ್ಷರದಕ್ಕನ ಹೆಸರು ಕೇಳಿದ ಕೂಡಲೇ ತಲೆ ತಗ್ಗಿಸಿದ. ಐದು ವಾರ ತನ್ನ ತಲೆ ತಿಂದಿದ್ದಳಂತೆ. ಪ್ರತಿ ಮಾನಿಟರಿನಲ್ಲೂ ಒಂದೇ ಪುಟ ತೆರೆಸಿ ಹತ್ತು ಹೆಜ್ಜೆ ದೂರ ನಿಂತು ಓದುತ್ತಿದ್ದಳಂತೆ. ನಿಮ್ಮ ಲ್ಯಾಪ್‌ಟಾಪಿಗೆ ನಡುವೆ ಒಂದು ಅಡಾಪ್ಟರ್ ಬೇಕೇ ಬೇಕು, ನಾನೇ ಪೆಟ್ಟಿಗೆಗೆ ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದ. ಮರೆತ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅವಳು ಫೋನ್ ಮಾಡಿ ನೆನಪಿಸಿದ್ದಳು.

"ನನ್ನ ಮನೆಯವರನ್ನ ಕಳಿಸ್ತೀನಿ ಅಂದ್ರು. ನಾನು ಬೇಗ ಬರ್ಬೇಕಿತ್ತು, ಅಮ್ಮ. ಬರ್ಲಿಲ್ಲ."

ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಕೇಳಿದ್ದು ಅವನನ್ನು ಕಂಡೆಯಾ ಅಂತ ಮಾತ್ರ ಅಂದ. ಮಾತು ಸರಿಯಾಗಿಯೇ ಇತ್ತು.

ಗಲ್ಲಾಪೆಟ್ಟಿಗೆಯ ಪಕ್ಕ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಇನ್‌ಸ್ಪೆಕ್ಟರಮ್ಮ ಕೈ ಚಾಚಿದರು. ಅಂಗಡಿಯವನು ಅದನ್ನು ಪಕ್ಕಕ್ಕೆ ಸರಿಸಿ, ಕಪಾಟಿನಿಂದ ಬೇರೊಂದು ತೆಗೆದುಕೊಟ್ಟ.

"ನೀವು ಇದನ್ನ ತಗೊಳ್ಳಿ. ಅದು ಅವರದು."

*

ಠಾಣೆಯಲ್ಲಿ ಪರದೆ ಮೊದಲ ಸಲ ಬೆಳಗಿತು. ಮೂಲ ಎಡಕ್ಕೆ, ಅನುವಾದ ಬಲಕ್ಕೆ. ಮಕ್ಕಳ ಜ್ವರದ ಔಷಧಿಯ ಚೀಟಿ. ಇನ್‌ಸ್ಪೆಕ್ಟರಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಎಡಗಡೆ: ಕೂಸಿಗೆ 2.5 ಮಿಲಿ. ಬಲಗಡೆ: 25. ಕೆಳಗೆ ಪರಿಶೀಲಕನ ಸಹಿ, ಅಚ್ಚಿಗೆ ಹೋದ ತಾರೀಖು.

ಚುಕ್ಕೆ ಕಾಣಬೇಕು. ಅವರು ಬೆರಳನ್ನು ಎರಡು ಮತ್ತು ಐದರ ನಡುವೆ ಇಟ್ಟರು.

*

ತನ್ನ ಕಚೇರಿಯಲ್ಲಿ ಪರಿಶೀಲಕ ಕುರ್ಚಿ ತೋರಿಸಿದ. ಇನ್‌ಸ್ಪೆಕ್ಟರಮ್ಮ ಕೂತರು, ಪೇದೆ ಬಾಗಿಲಲ್ಲಿ ನಿಂತ.

"ಇನ್ನೊಂದ್ಸಲ ಹೇಳಿ ಸಾರ್. ಕಿಟಕಿಯಿಂದ ಏನು ಕಂಡ್ರಿ?"

"ಬರೆದು ಕೊಟ್ಟಿದೀನಲ್ಲ."

"ಬಾಯಲ್ಲಿ ಕೇಳಿದ್ರೆ ನನಗೆ ಸಮಾಧಾನ."

"ಹೊಸ ಪರದೆ ಬೆಳಗ್ತಿತ್ತು. ಮೋಡ ಅಲ್ವಾ, ಚೆನ್ನಾಗಿ ಕಾಣ್ತಿತ್ತು. ಎರಡು ಪುಟ ಅಕ್ಕಪಕ್ಕ. ಅವರು ಓದ್ತಿದ್ರು."

ಇನ್‌ಸ್ಪೆಕ್ಟರಮ್ಮ ಅಡಾಪ್ಟರನ್ನು ಅವನ ಮುಂದಿಟ್ಟರು. ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ, ಅವನ ಮೇಜಿನ ತಂತಿಗಳನ್ನೆಲ್ಲ ಯಾರೋ ಜೋಡಿಸಿಕೊಡುತ್ತಿದ್ದರು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಈ ತುಂಡಿಲ್ಲದೆ ಆ ಲ್ಯಾಪ್‌ಟಾಪಿಗೂ ಆ ಪರದೆಗೂ ಮಾತುಕತೆಯೇ ಇಲ್ಲ. ಆ ಬೆಳಿಗ್ಗೆ ಇದು ಅಂಗಡಿಯಲ್ಲೇ ಉಳಿದಿತ್ತು. ಅವಳು ಬದುಕಿರುವಾಗ ಆ ಪರದೆಯ ಮೇಲೆ ಒಂದಕ್ಷರವೂ ಮೂಡಿದ್ದಿಲ್ಲ. ನೀವು ಕಂಡದ್ದು ಉರಿಯುತ್ತಿದ್ದ ಚಿಕ್ಕ ದೀಪ ಮಾತ್ರ, ಅದೂ ಕಿಟಕಿಯಿಂದಲ್ಲ. ಒಂಬತ್ತು ದಾಟಿದ ಮೇಲೆ ಯಾವಾಗಲೋ, ಚಿಲಕವಿಲ್ಲದ ಹಿಂಬಾಗಿಲಿಂದ ಒಳಗೆ ಹೋಗಿ ಕಂಡಿರಿ. ಹತ್ತೂಕಾಲಕ್ಕೆ ಮತ್ತೆ ಬಂದದ್ದು ಅಜ್ಜಿಯ ಕಣ್ಣಿಗೆ ಬೀಳಲು.

ಅವನು ಕೊರಳಿನ ಗುಂಡಿ ಮುಟ್ಟಿ ನೋಡಿಕೊಂಡ. "ನನ್ನ ಕಣ್ಣು ಮೋಸ ಮಾಡಿರ್ಬಹುದು."

"ಇರ್ಬಹುದು. ಆ ಬಿಚ್ಚಿದ ಕಟ್ಟಿನಲ್ಲಿದ್ದ, ಅವರು ಚುಕ್ಕೆಗೆ ಗುರುತು ಹಾಕಿದ್ದ ಹಾಳೆ? ಹರಿದು ಬಿಸಾಕಿದ್ರಾ?"

ಅವನ ಮುಖಕ್ಕೆ ನಿಜವಾದ ಅವಮಾನದ ಕೆಂಪೇರಿತು.

"ಗುರುತು ಹಾಕಿದ ಹಾಳೆ ಹರಿಯೋದಾ? ತಿದ್ದಿದ ಪ್ರತಿ ಬರೋವರೆಗೂ..."

ಅವನ ಕಣ್ಣು ತಾನಾಗಿಯೇ ಎಡಗಡೆಯ ಕಪಾಟಿಗೆ ಹೋಯಿತು. ಪೇದೆ ಅದನ್ನು ತೆರೆದ. ಮೂರನೇ ಕಟ್ಟಿನಲ್ಲಿ, ತಾರೀಖಿನ ಜಾಗದಲ್ಲೇ, ಅಚ್ಚುಕಟ್ಟಾಗಿ ಅದು ಇತ್ತು. ಎರಡರ ಮುಂದೆ ಕೆಂಪು ವೃತ್ತ, ಪಕ್ಕದಲ್ಲಿ ಅವಳ ಕೈಬರಹ. ಒಂದು ಮೂಲೆಯಲ್ಲಿ ಕಂದು ಕಲೆ.

ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ. ಕೊಲೆ ಮಾಡಿತು. ಹಾಳೆ ಹರಿಯಲು ಮಾತ್ರ ಒಪ್ಪಲಿಲ್ಲ.

ಆಮೇಲೆ ಅವನೇ ಹೇಳಿದ. ಅವಳು ಹಾಳೆಯಲ್ಲಿ ಗುರುತು ಹಾಕಿಟ್ಟು ತಿದ್ದುಪಡಿ ಕಳಿಸಿದ್ದಳು, ಇವನು ಅದನ್ನು ಸೇರಿಸದೆ ಅಚ್ಚಿಗೆ ಬಿಟ್ಟ. ಚೀಟಿ ಪೆಟ್ಟಿಗೆಗಳಲ್ಲಿ ಕೂತು ಅಂಗಡಿಗಳಿಗೆ ಹೋಯಿತು. ನೀವೇ ಕಂಪನಿಗೆ ಹೇಳಿ, ಹತ್ತು ಗಂಟೆಯವರೆಗೆ ಕಾಯುತ್ತೇನೆ ಎಂದಳಂತೆ.

"ದೊಡ್ಡ ಪರದೆ ಬಂದಿದೆ, ಇನ್ಮೇಲೆ ನನ್ನ ಕಣ್ಣಿಂದಲೂ ಏನೂ ತಪ್ಪಿಸ್ಕೊಳ್ಳಲ್ಲ ಅಂದ್ಲು," ಅಂದ ಅವನು. "ನಗ್ತಾ ಅಂದ್ಲು. ಆ ಕಡೆ ತಿರುಗಿದ್ಲು."

*

ಔಷಧಿಯನ್ನು ಅಂಗಡಿಗಳಿಂದ ವಾಪಸು ತರಿಸಿದರು. ಎರಡು ಕೂಸುಗಳ ಮಟ್ಟಿಗೆ ಅದು ತಡವಾಗಿತ್ತು. ಇನ್‌ಸ್ಪೆಕ್ಟರಮ್ಮ ಆ ಎರಡೂ ಮನೆಗಳ ಹೊಸ್ತಿಲಲ್ಲಿ ಟೋಪಿ ತೆಗೆದರು.

ಲಾಕಪ್ಪಿನ ಬೀಗವನ್ನು ಅವರೇ ತೆರೆದರು. ಮನುಷ್ಯನನ್ನು ಮನೆಯವರೆಗೆ ಬಿಟ್ಟು, ಲ್ಯಾಪ್‌ಟಾಪ್, ಮಾನಿಟರ್‌ಗಳು ಪ್ರಕರಣ ಮುಗಿಯುವವರೆಗೆ ಠಾಣೆಯಲ್ಲಿರಬೇಕೆಂದು ತಿಳಿಸಿದರು. ಅವನು ತಲೆಯಾಡಿಸಿದ. ಬರಿದಾದ ಮೇಜಿನ ಮುಂದೆ ಕೂತ. ನೆಲದಲ್ಲಿದ್ದ ಎರಡು ನಿಘಂಟುಗಳನ್ನು ಎತ್ತಿ ಮೊದಲಿದ್ದ ಜಾಗದಲ್ಲಿಟ್ಟ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಂಗಡಿಯವನು. ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದ. ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

ಡ್ರೈವರ್ ಕಾಗದ ಬಿಚ್ಚಿದ. ಹೆಬ್ಬೆರಳಷ್ಟೇ ಇತ್ತು. ಬಲಗೈಯಲ್ಲಿ ಅದನ್ನು ಹಿಡಿದು ಮುಷ್ಟಿ ಮುಚ್ಚಿದ.