ಒಂದು ಹೆಜ್ಜೆ ಹಿಂದೆ

"ಈ ಚೆಂಡು ಸತ್ತಿದೆ!"

ಅನಿಮೇಷನ್ ಕಲಿಯಲು ಬಂದ ಮೊದಲ ದಿನವೇ ಅವಳ ಕಿವಿಗೆ ಬಿದ್ದ ಮಾತು ಅದು. ಕೆನ್ನೆ ಬಿಸಿಯಾಯಿತು.

"ಚೆಂಡಿಗೆ ಜೀವ ಯಾವಾಗಿತ್ತು ಸಾರ್, ಸಾಯೋಕೆ?"

ಇಡೀ ಕೋಣೆ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರೂ ಅವನೇನು ವಯಸ್ಸಾದವನಲ್ಲ. ಅವಳು ಬರೆದ ಹಾಳೆಗಳ ಕಟ್ಟನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ತೋರಿಸಿದ. ಚೆಂಡು ಇಳಿಯಿತು, ಏರಿತು... ಹಗ್ಗ ಕಟ್ಟಿ ಬಾವಿಗೆ ಬಿಟ್ಟ ಕೊಡದ ಹಾಗೆ!

"ಎಲ್ಲಾ ಚಿತ್ರಾನೂ ಸಮ ಅಂತರದಲ್ಲಿ ಬರೆದಿದ್ದೀರಿ. ಏನು ಕೆಲಸ ನಿಮ್ಮದು?"

"ಟೈಲರಿಂಗ್. ಹೊಲಿಗೆ ಸಮ ಬರದಿದ್ರೆ ಗಿರಾಕಿ ಬಟ್ಟೆನ ಮುಖಕ್ಕೇ ಎಸೀತಾರೆ."

ಈಗ ಅವನಿಗೂ ನಗು ತಡೆಯಲಾಗಲಿಲ್ಲ. "ಇಲ್ಲಿ ಸಮ ಬಂದ್ರೆ ನಾನೇ ಎಸೀತೀನಿ, ಟೈಲರಮ್ಮ! ಮೇಲೆ ಒತ್ತೊತ್ತಾಗಿ ಬರೀರಿ, ಕೆಳಗೆ ಬರ್ತಾ ಬರ್ತಾ ದೂರ ದೂರ. ನೆಲ ಮುಟ್ಟಿದಾಗ ಚೂರು ಚಪ್ಪಟೆ. ಆಗ ಭಾರ ಬರುತ್ತೆ. ಭಾರ ಇದ್ರೇನೇ ಜೀವ."

ಅಂದಿನಿಂದ ಅವಳು ಟೈಲರಮ್ಮ.

ತರಗತಿ ನಡೆಯುತ್ತಿದ್ದುದು ಅವನ ಮನೆಯ ಮುಂದಿನ ಕೋಣೆಯಲ್ಲೇ. ಅಡಿಯಲ್ಲಿ ದೀಪ ಉರಿಯುವ ಗಾಜಿನ ಮೇಜು. ಮೂಲೆಯ ಕುರ್ಚಿಯಲ್ಲಿ ಅವನ ತಾಯಿ. ಎಲ್ಲರ ಚೆಂಡುಗಳಿಗೂ ಆ ತಾಯಿಯೇ ಮೊದಲ ಪ್ರೇಕ್ಷಕಿ. ಒಂದು ಸಂಜೆ ಅವಳ ಚೆಂಡು ನೆಲಕ್ಕೆ ಬಿದ್ದು, ಚಪ್ಪಟೆಯಾಗಿ, ಚಂಗನೆ ಮೇಲೆದ್ದಾಗ ಅವರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಪುಟೀತು ನೋಡೇ ಮಗಳೇ!"

ಮಗಳೇ... ಆ ಒಂದು ಪದ ಅವಳೊಳಗೆ ಎಷ್ಟು ಆಸೆ ಬಿತ್ತಿತೋ, ದೇವರೇ ಬಲ್ಲ.

ಅದೇ ಸಂಜೆ, ಎಲ್ಲರೂ ಹೊರಟ ಮೇಲೆ, ಅವನು ಮೇಜಿನ ದೀಪ ಆರಿಸುತ್ತ ಹೇಳಿದ: "ನಾಳೆ ಗೊಂಬೆ ಜಿಗಿಸೋದು ಹೇಳಿಕೊಡ್ತೀನಿ."

"ನಾಳೆಗೆ ಮೊದಲು ಒಂದು ಮಾತು ಸಾರ್..." ಅವಳು ಹಾಳೆಗಳನ್ನು ಕೆಳಗಿಟ್ಟಳು. "ನನ್ನನ್ನ ಮದುವೆ ಆಗ್ತೀರಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟೇ! ಅವಳಿಗೆ ಅಷ್ಟೇ ಸಾಕಾಯಿತು.

"ಗೊತ್ತಾಯ್ತು ಬಿಡಿ. ಬಟ್ಟೆ ಹೊಲಿಯೋಳು ತಾನೇ!"

"ಟೈಲರಮ್ಮ, ನಿಲ್ಲಿ..."

ನಿಲ್ಲಲಿಲ್ಲ. ಆಮೇಲೆ ಅವನು ಫೋನ್ ಮಾಡಿದಾಗಲೆಲ್ಲ ಕತ್ತರಿಸಿದಳು. ಮಾತು ಮುಗಿಯುವ ತನಕ ಕಾಯುವ ತಾಳ್ಮೆಯನ್ನು ಭಗವಂತ ಪ್ರಾಯಕ್ಕೆ ಕೊಡುವುದೇ ಇಲ್ಲವೇನೋ!

ತಿಂಗಳುಗಳು ಉರುಳಿದವು. ಅವನ ತಾಯಿ ತೀರಿಕೊಂಡ ಸುದ್ದಿ ಅಂಗಡಿಗೆ ಬಂದ ಗಿರಾಕಿಯ ಬಾಯಿಂದ ತಿಳಿಯಿತು. ಕತ್ತರಿ ಬಿಟ್ಟು ಎದ್ದು ಹೊರಟಳು. ಅವನ ಬೀದಿಯ ತಿರುವಿನ ತನಕ ಹೋದಳು ಕೂಡ.

'ಯಾವ ಮುಖ ಹೊತ್ತು ಹೋಗಲಿ?'

ತಿರುವಿನಿಂದಲೇ ಹಿಂದಿರುಗಿದಳು. ಆ ದಿನದ ನೆನಪು ಬಟ್ಟೆಯಲ್ಲಿ ಉಳಿದ ಗುಂಡುಸೂಜಿಯಂತೆ ಮೈ ಹೊರಳಿಸಿದಾಗಲೆಲ್ಲ ಚುಚ್ಚುತ್ತಿತ್ತು.

ಒಂದು ರಜೆಯ ದಿನ ಮನಸ್ಸು ತಡೆಯದೆ ಮತ್ತೆ ಪೆನ್ಸಿಲ್ ಹಿಡಿದಳು. ಕಲಿಯದೇ ಬಿಟ್ಟಿದ್ದ ಪಾಠವನ್ನು ತಾನೇ ಕಲಿಯಲು ಕೂತಳು. ಮನೆಯಲ್ಲಿದ್ದ ಚಿಕ್ಕಮ್ಮ ಹಾಳೆಗಳನ್ನು ಸರ್ರನೆ ಬಿಟ್ಟು ನೋಡಿ ಬಿದ್ದು ಬಿದ್ದು ನಕ್ಕಳು.

"ಇದೇನೇ, ಗೊಂಬೇನ ಯಾರೋ ಜುಟ್ಟು ಹಿಡಿದು ಎತ್ತಿದ ಹಾಗಿದೆ!"

"ಜಿಗೀತಿದೆ ಚಿಕ್ಕಮ್ಮ!"

"ಎಲ್ಲಿ ಜಿಗೀತಿದೆ? ನಿಂತಲ್ಲಿಂದ ಹಾಗೇ ಹಾರೋಕೆ ಅದೇನು ಹೊಗೆನಾ? ಚರಂಡಿ ದಾಟುವಾಗ ನೀನು ಏನು ಮಾಡ್ತೀಯ? ನೋಡಿಲ್ಲಿ!" ಎಂದು ಚಿಕ್ಕಮ್ಮ ಸೀರೆ ಎತ್ತಿ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ಹೊಸ್ತಿಲಾಚೆ ಧೊಪ್ಪನೆ ಜಿಗಿದಳು.

ಅವಳ ಕೈಯಿಂದ ಪೆನ್ಸಿಲ್ ಜಾರಿತು.

ಒಂದು ಹೆಜ್ಜೆ ಹಿಂದೆ...

'ಅಯ್ಯೋ ದೇವರೇ! ಅವತ್ತು ಅವರು ದೂರ ಹೋಗ್ತಿರಲಿಲ್ಲ. ನನ್ನ ಕಡೆಗೇ ಬರ್ತಿದ್ರು!'

ಆ ಸಂಜೆ ಬಾಗಿಲು ತೆರೆದವನು ಅವನೇ. ಸೊರಗಿದ್ದ. ಒಳಗೆ ಮೂಲೆಯ ಕುರ್ಚಿ ಖಾಲಿ.

"ಚೆಂಡು ಬರೆಯೋಕೆ ಬಂದ್ರಾ?" ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು.

"ತಪ್ಪಿಹೋದ ಪಾಠ ಕೇಳೋಕೆ ಬಂದೆ."

ಅವನು ಅವಳನ್ನು ಒಳಗೆ ಕರೆದ. "ಅಮ್ಮ ಕೇಳ್ತಾನೇ ಇದ್ರು. ನಮ್ಮ ಟೈಲರಮ್ಮ ಯಾಕೋ ಬರಲಿಲ್ಲ ಅಂತ."

"ನೀವು... ಏನು ಹೇಳಿದ್ರಿ?"

"ನಾಳೆ ಬರ್ತಾಳಮ್ಮ ಅಂತಿದ್ದೆ. ದಿನಾ."

ಅವಳು ಗೋಡೆಗೆ ಒರಗಿಬಿಟ್ಟಳು. ಬಿಚ್ಚಿ ಮತ್ತೆ ಹೊಲಿಯಲಾಗದ ಹೊಲಿಗೆಯೂ ಇದೆ ಎಂದು ಆ ಕ್ಷಣ ಅರಿವಾಯಿತು. ಅತ್ತಳು, ಸೆರಗಿನಂಚಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಅವತ್ತು ನಿಲ್ಲಿ ಅಂದ್ರಿ. ನಾನು ನಿಲ್ಲಬೇಕಿತ್ತು. ಕ್ಷಮಿಸಿ ಅಂತ ಕೇಳೋಕೂ ಯೋಗ್ಯತೆ ಇಲ್ಲ ನನಗೆ. ಆದ್ರೂ ಅವತ್ತಿನ ಮಾತೇ ಮತ್ತೆ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅವಳ ಕಾಲುಗಳು ಬಾಗಿಲ ಕಡೆ ಎಳೆದವು.

ಅವನು ಇನ್ನೊಂದು ಹೆಜ್ಜೆ ಸರಿದ. ಬೆನ್ನು ಅಮ್ಮನ ಕುರ್ಚಿಗೆ ತಾಗಿತು.

ಅವಳು ಕದಲಲಿಲ್ಲ. ಕಣ್ಣು ಮುಚ್ಚಿ ಕಾದಳು... ಕಾದಳು.

ಕಣ್ಣು ತೆರೆದಾಗ ಅವಳ ಎರಡೂ ಕೈಗಳು ಅವನ ಕೈಯೊಳಗಿದ್ದವು.

"ಅಷ್ಟೊಂದು ಹಿಂದೆ ಹೋಗೋದಾ?" ಎಂದಳು, ಅಳುವಿನ ನಡುವೆಯೇ.

"ಈ ಸಲ ದೂರ ಜಿಗೀಬೇಕಿತ್ತಲ್ಲ, ಟೈಲರಮ್ಮ."

ಅವಳು ಅವನ ಭುಜದಾಚೆಗೆ, ಆ ಖಾಲಿ ಕುರ್ಚಿಯ ಕಡೆ ನೋಡಿದಳು.

"ಅಮ್ಮನಿಗೆ ಹೇಳಿ... ನಾಳೆ ಬಂತು ಅಂತ."

ಅವನ ಕಣ್ಣೂ ತುಂಬಿತು. ಮೊದಲ ಸಲ ಬಹುವಚನ ಬಿಟ್ಟು ನುಡಿದ.

"ನೀನೇ ಹೇಳು."