ಬೆಚ್ಚಗಿನ ಲಕೋಟೆ

ನನ್ನ ಗಂಡ ಡ್ವೇನ್ ಸೋಮವಾರ ಜೈಲಿನಿಂದ ಹೊರಗೆ ಬರುತ್ತಾನೆ. ಅದಕ್ಕೇ ನಾನು ಹೊಸ ಪಿಸ್ತೂಲು ಕೊಂಡೆ. ಕಾರ್ಖಾನೆಯವರು ಪರೀಕ್ಷೆಗೆಂದು ಹೊಡೆದ ಗುಂಡಿನ ಒಂದು ಖಾಲಿ ತೋಟಾ ಅದರ ಡಬ್ಬಿಯೊಳಗೆ ಪುಟ್ಟ ಲಕೋಟೆಯಲ್ಲಿತ್ತು.

ಅಂಗಡಿಯಲ್ಲಿ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆಯಲು ನನ್ನ ಕೈಲಾಗಲಿಲ್ಲ.

"ಹೊಸ ಸ್ಪ್ರಿಂಗು ಕಣಮ್ಮಾ, ಮೊಂಡು. ನೂರಿನ್ನೂರು ಗುಂಡು ಹೊಡಿ, ನಿನ್ನ ಗಂಡನಿಗಿಂತ ಬೇಗ ಪಳಗುತ್ತೆ!" ಅಂತ ಅಂಗಡಿಯ ಮುದುಕ ವರ್ಜಿಲ್ ನಕ್ಕ.

ಆ ರಾತ್ರಿ ಪೆಟ್ರೋಲ್ ಬಂಕಿನ ಕೆಲಸ ಮುಗಿಸಿ ಸೋತು ಬಂದವಳು, ಡಬ್ಬಿಗೆ ಬೀಗ ಹಾಕಿ ಮಲಗಿಬಿಟ್ಟೆ. ಬೆಳಿಗ್ಗೆ ತೆಗೆದರೆ ಸುಟ್ಟ ಸಿಡಿಮದ್ದಿನ ವಾಸನೆ. ಸ್ಲೈಡು ಬೆಣ್ಣೆಯಂತೆ ಸರಿಯಿತು. ಅಂಗಡಿಗೆ ಒಯ್ದು ತೋರಿಸಿದೆ.

"ಯಾರಮ್ಮಾ ಇಷ್ಟು ಪಳಗಿಸಿದ್ದು?" ಅಂದ ವರ್ಜಿಲ್. ಈ ಸಲ ನಗಲಿಲ್ಲ.

ನಾನು ಕೊಂಡ ಗುಂಡಿನ ಪೆಟ್ಟಿಗೆಯನ್ನು ಇನ್ನೂ ಒಡೆದೇ ಇಲ್ಲ. ಆ ಲಕೋಟೆ ಮಾತ್ರ ಖಾಲಿ ತೋಟಾಗಳಿಂದ ಉಬ್ಬಿಕೊಂಡಿದೆ. ಮುಟ್ಟಿದರೆ ಈಗಲೂ ಬೆಚ್ಚಗಿದೆ.

ನಾಳೆ ಸೋಮವಾರ.